ಇಳಿಯದ ಗುಂಡಿಗೆ

ದಾಕ್ಷಿ ಐದನೇ ಕ್ಲಾಸಿನಲ್ಲಿದ್ದಾಗ ನಾನು ಅವಳಿಗೊಂದು ಮಾತು ಕೊಟ್ಟಿದ್ದೆ. ನಿನ್ನ ಗುಂಡಿಗೆಯನ್ನು ನಾನೇ ಹೊತ್ತಿರುತ್ತೇನೆ, ಯಾವ ಕಾಲಕ್ಕೂ ಇಳಿಸುವುದಿಲ್ಲ ಎಂದು. ಹೆತ್ತವರು ಮಕ್ಕಳಿಗೆ ಕೊಡುವ ಮಾತುಗಳು ಹೆಚ್ಚಾಗಿ ಹೀಗೆಯೇ. ಸದ್ಯ ಈ ಅಳು ನಿಂತರೆ ಸಾಕು ಎನ್ನುವ ಆತುರದಲ್ಲಿ ಬಾಯಿಂದ ಹೊರಟುಬಿಡುತ್ತವೆ. ನಾನಾದರೂ ಆಗಷ್ಟೇ ಗಿರಣಿ ಮುಚ್ಚಿ ಬಂದಿದ್ದೆ. ರೆಪ್ಪೆಯ ಮೇಲೆಲ್ಲ ಹಿಟ್ಟು, ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಅವಳು ನನ್ನ ಬನಿಯನ್ನನ್ನು ಮುಷ್ಟಿಯಲ್ಲಿ ಹಿಡಿದು ಬಿಡದೆ ಅಳುತ್ತಿದ್ದಳು. ಕೊಟ್ಟೆ.

ನಮ್ಮ ಊರಿನಲ್ಲಿ ಮಕ್ಕಳ ಮೈಯೊಳಗಿನ ಕೆಲಸವನ್ನು ಅವರು ಅದನ್ನು ಕಲಿಯುವವರೆಗೆ ಹೆತ್ತವರೇ ಮಾಡುತ್ತಾರೆ. ಮಗು ಹುಣಿಸೆಕಾಯಿ ತಿಂದರೆ ಹೊಟ್ಟೆ ನುಲಿಯುವುದು ಅಡಿಗೆಮನೆಯಲ್ಲಿರುವ ತಾಯಿಗೆ. ಮಕ್ಕಳು ಓಡಿದರೆ ಏದುಸಿರು ಬರುವುದು ಮನೆಯಲ್ಲಿದ್ದವರಿಗೆ. ಸಂಜೆ ಬೀದಿಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುವ ಹೊತ್ತಿಗೆ ಹಾದುಹೋದರೆ, ಸಾಲು ಮನೆಗಳ ಬಾಗಿಲಲ್ಲಿ ಹೆಂಗಸರು ಕೈಯಲ್ಲಿ ಹೂವೋ ಅಕ್ಕಿಯೋ ಹಿಡಿದು ಸುಮ್ಮನೆ ಕೂತು ಉಸ್ಸೆನ್ನುತ್ತಿರುವುದು ಕಾಣುತ್ತದೆ. ಇಡೀ ಬೀದಿಯೇ ಮೆಲ್ಲಗೆ ಉಸಿರಾಡುತ್ತಿರುವಂತೆ ಇರುತ್ತದೆ. ಶಾಲೆಯ ಕ್ರೀಡೋತ್ಸವದಲ್ಲಿ ಪದಕ ಮಕ್ಕಳಿಗೆ, ಬೆಂಚಿನ ಮೇಲೆ ಬೆವರಿ ಕೂತ ಅಪ್ಪ ಅಮ್ಮಂದಿರಿಗೆ ನಿಂಬೆಹಣ್ಣಿನ ಶರಬತ್ತು. ಮೆದುಳನ್ನು ಮಾತ್ರ ಯಾರೂ ಯಾರಿಗಾಗಿಯೂ ಹೊರುವುದಿಲ್ಲ. ಹುಟ್ಟಿದಾಗಿನಿಂದ ಅವರದ್ದು ಅವರಿಗೆ. ಹೊರೋ ಹಾಗಿದ್ದಿದ್ರೆ ಅದೊಂದನ್ನೇ ಹೊರ್ತಿದ್ದೆ, ಹೇಳಿದ ಮಾತಾದ್ರೂ ಕೇಳ್ತಿದ್ವು ಎಂದು ನನ್ನ ಹೆಂಡತಿ ಹಾಲಮ್ಮ ಹೇಳುವುದುಂಟು.

ಹೊಟ್ಟೆ, ಉಸಿರು, ಮೂತ್ರಪಿಂಡ ಇವೆಲ್ಲ ಸಾಮಾನ್ಯವಾಗಿ ತಾಯಿಗೆ ಸೇರುತ್ತವೆ. ಗುಂಡಿಗೆಯ ಲೆಕ್ಕವೇ ಬೇರೆ. ಕೂಸನ್ನು ಮೊದಲು ಬರಿಗೈಯಲ್ಲಿ ಯಾರು ಎತ್ತಿಕೊಳ್ಳುತ್ತಾರೋ ಅವರಿಗೆ ಅದು ಹತ್ತುತ್ತದೆ. ಆದ್ದರಿಂದ ನಮ್ಮ ಸೂಲಗಿತ್ತಿಯರು ಕೂಸನ್ನು ಬಾಳೆಯೆಲೆ ಹಾಸಿದ ಮೊರದಲ್ಲಿ ಹಿಡಿಯುತ್ತಾರೆ, ಬೆರಳು ಸೋಕಿಸುವುದಿಲ್ಲ. ದಾಕ್ಷಿ ಹುಟ್ಟಿದ ಬೆಳಿಗ್ಗೆ ಮೊರ ಹೊರಗೆ ಬಂದಾಗ ಹಾಲಮ್ಮನ ತಾಯಿ ಬಳೆ ಹಿಂದಕ್ಕೆ ಸರಿಸಿಕೊಂಡು ಕೈ ಚಾಚಿದ್ದಳು. ಅವಳಿಗಿಂತ ಮುಂಚೆ ನಾನು ಎತ್ತಿಕೊಂಡೆ. ಅಂಗಿಯ ಜೇಬಿನಲ್ಲಿ ಕೋಳಿಮರಿ ಇಟ್ಟುಕೊಂಡಂತೆ ಆಯಿತು. ನನ್ನ ಬಡಿತದ ಪಕ್ಕದಲ್ಲಿ ಇನ್ನೊಂದು, ಅವಸರದ್ದು, ಎಲ್ಲಿಗೋ ತಡವಾದಂತೆ. ಹಿಟ್ಟಿನ ಗಿರಣಿಯವನು ಕಣಪ್ಪ ನೀನು, ಮೂಟೆ ಹೊರೋನು, ಇದನ್ನೂ ಯಾಕೆ ಹೊತ್ಕೊಂಡೆ ಎಂದು ಅತ್ತೆ ಗೊಣಗಿದಳು. ನನಗೆ ಮಾತ್ರ ಆ ದಿನವೆಲ್ಲ ನೆಲ ಕಾಲಿಗೆ ತಾಗಲಿಲ್ಲ.

ಹೊತ್ತದ್ದನ್ನು ಇಳಿಸುವ ಜಾಗ ಶಾಲೆ. ನಾಲ್ಕನೇ ಕ್ಲಾಸಿನಿಂದ ಶರೀರಪಾಠ ಶುರುವಾಗುತ್ತದೆ. ಪರೀಕ್ಷೆಯ ದಿನ ಮಗುವನ್ನೂ ಹೊತ್ತವರನ್ನೂ ಒಂದು ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತಾರೆ. ಫಿಲೋಮಿನಾ ಟೀಚರ್ ಮಗುವಿನ ಎದುರು ಸ್ಟೂಲಿನಲ್ಲಿ ಕೂತು ಕೇಳುತ್ತಾರೆ: ಅನ್ನ ಬಾಯಿಗೆ ಹೋಯಿತು, ಆಮೇಲೆ? ಮಗು ಹೇಳುತ್ತಾ ಹೋಗಬೇಕು. ಹಲ್ಲು ಅರೆಯುವುದು, ಎಂಜಲು ಸೇರುವುದು, ಜಠರದ ಹುಳಿ, ಸಣ್ಣ ಕರುಳಿನ ಒಳಗೋಡೆಯ ಮೇಲೆ ಬೆರಳಿನಂತೆ ಎದ್ದ ಮಡಿಕೆಗಳು ಸತ್ವವನ್ನು ರಕ್ತಕ್ಕೆ ಹೀರುವುದು. ಬಾಯಿಪಾಠ ಒಪ್ಪಿಸಿದರೆ ಏನೂ ಆಗುವುದಿಲ್ಲ. ಒಳಗೆ ತಿಳಿದ ಗಳಿಗೆಯಲ್ಲಿ ಮಾತ್ರ, ಹಿಂದೆ ಕೂತ ತಾಯಿಯ ಹೊಟ್ಟೆಯಿಂದ ಏನೋ ಜಾರಿ ಹೋಗಿ ಮಗುವಿನಲ್ಲಿ ಕೂರುತ್ತದೆ. ತಪ್ಪು ತಿಳಿದರೆ ಅದೂ ಹಾಗೆಯೇ ಇಳಿಯುತ್ತದೆ. ಅಕ್ಕಸಾಲಿ ಗಣಪಾಚಾರಿಯ ಮಗ ಪಟದ ಎಡವನ್ನೇ ತನ್ನ ಎಡ ಎಂದುಕೊಂಡು ಪಿತ್ತಜನಕಾಂಗವನ್ನು ಎಡಕ್ಕೆ ಇಳಿಸಿಕೊಂಡಿದ್ದ. ಟೀಚರ್ ಅವನನ್ನು ಪಟಕ್ಕೆ ಬೆನ್ನು ಮಾಡಿ ನಿಲ್ಲಿಸಿ ಮತ್ತೆ ಹೇಳಿಸುವವರೆಗೆ ಹುಡುಗ ಎಣ್ಣೆಯದೇನು ತಿಂದರೂ ಬಿಕ್ಕಳಿಸುತ್ತಿದ್ದ.

ದಾಕ್ಷಿಗೆ ಹೊಟ್ಟೆ ಇಳಿದ ಸಂಜೆ ಹಾಲಮ್ಮ ಒಂದೇ ರೊಟ್ಟಿ ತಿಂದು ಕೈ ತೊಳೆದಳು. ಎರಡು ಹೊಟ್ಟೆಗೆ ಉಂಡೂ ಉಂಡೂ ಬಾಯೇ ಸೋತು ಹೋಗಿತ್ತು ಎಂದು ಕಾಲು ಚಾಚಿ ಕೂತಳು. ಆಗ ದಾಕ್ಷಿ ಒಳಗಿನಿಂದ ಬಂದು, ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡ್ತಿದಾರೆ ಎಂದಳು. ಅದು ಅವಳ ಮೊದಲ ಹಸಿವು. ನಾವಿಬ್ಬರೂ ನಕ್ಕೆವು, ಅವಳು ನಗಲಿಲ್ಲ. ಮುಂದಿನ ವರ್ಷ ಉಸಿರು ಇಳಿಯಿತು. ಅದು ಇಳಿದ ಮೇಲೆ ಕೆಲವು ದಿನ ಎಲ್ಲ ಮಕ್ಕಳೂ ಒಂದು ಥರ ಆಗುತ್ತಾರೆ. ಆಟ ಬಿಟ್ಟು ಜಗಲಿಯಲ್ಲಿ ಕೂತು ಒಳಗೆ, ಹೊರಗೆ, ಒಳಗೆ, ಹೊರಗೆ ಎಂದುಕೊಳ್ಳುತ್ತಿರುತ್ತಾರೆ. ಮರೆತರೆ ನಿಂತುಹೋದೀತು ಎಂದು ಭಯ. ಆಮೇಲೆ ಯಾವುದೋ ಜಗಳದಲ್ಲೋ ಗಾಳಿಪಟದಲ್ಲೋ ಮರೆಯುತ್ತಾರೆ, ನಿಂತಿಲ್ಲ ಎಂದು ಗೊತ್ತಾಗುತ್ತದೆ, ಮುಗಿಯಿತು. ದಾಕ್ಷಿಗೆ ಮುಗಿಯಲಿಲ್ಲ. ಉಸಿರಾದರೆ ಒಂದು ತಪ್ಪಿದರೆ ಇನ್ನೊಂದನ್ನು ದೊಡ್ಡದಾಗಿ ಎಳೆದುಕೊಳ್ಳಬಹುದು, ಗುಂಡಿಗೆ ತಪ್ಪಿದರೆ ಏನು ಮಾಡಲಿ ಎಂದು ಬನಿಯನ್ ಹಿಡಿದು ಅತ್ತದ್ದು ಆಗಲೇ. ನಾನು ಮಾತು ಕೊಟ್ಟದ್ದೂ ಆಗಲೇ.

ಆಮೇಲಿನ ವರ್ಷಗಳನ್ನು ನೆನೆದರೆ ಯಾವುದೋ ದೊಡ್ಡ ಮಧ್ಯಾಹ್ನದ ನಿದ್ದೆಯ ಹಾಗೆ ಕಾಣುತ್ತದೆ. ಗಿರಣಿಯ ಕಲ್ಲು ತಿರುಗುತ್ತಿರುತ್ತದೆ, ಬೆಲ್ಟು ಟಪಟಪ ಅನ್ನುತ್ತಿರುತ್ತದೆ, ಕಿಟಕಿಯ ಬಿಸಿಲಿನಲ್ಲಿ ಹಿಟ್ಟಿನ ಧೂಳು ಬಂಗಾರದ ಹಾಗೆ ತೇಲುತ್ತದೆ. ನಾನು ಯಾರದೋ ರಾಗಿಯನ್ನು ಬುಟ್ಟಿಗೆ ಸುರಿಯುತ್ತಿರುತ್ತೇನೆ. ಇದ್ದಕ್ಕಿದ್ದಂತೆ ಎರಡನೆಯ ಬಡಿತ ನಿಧಾನವಾಗುತ್ತದೆ, ತೂಗುತ್ತದೆ. ಓಹೋ, ಸಮಾಜದ ಕ್ಲಾಸು, ನಿದ್ದೆ ಹೊಡೆಯುತ್ತಿದ್ದಾಳೆ. ಮನೆಗೆ ಬಂದು ಹಾಲಮ್ಮನಿಗೆ ಹೇಳಿದರೆ ದಾಕ್ಷಿ ಮುಖ ಊದಿಸಿಕೊಳ್ಳುತ್ತಿದ್ದಳು. ಕೆಲವೊಮ್ಮೆ ಬೆಚ್ಚಿದಂತೆ ಒಂದು ಬಡಿತ; ನಾಯಿ ಅಟ್ಟಿಸಿಕೊಂಡು ಬಂದಿರಬೇಕು. ಒಂಬತ್ತನೇ ಕ್ಲಾಸಿನ ಕೊನೆಗೆ ಹೊಸದೊಂದು ಸೇರಿಕೊಂಡಿತು. ಶಾಲೆ ಬಿಡುವ ಹೊತ್ತಿಗೆ, ಸೈಕಲ್ ಅಂಗಡಿಯ ತಿರುವಿನ ಹತ್ತಿರ ಬಂದಿರಬಹುದು ಎನ್ನುವಾಗ, ಬಡಿತ ಹಗುರವಾಗಿ ಎರಡು ಹೆಜ್ಜೆ ಓಡಿ, ನಾಚಿಕೊಂಡು ಮತ್ತೆ ನಡೆಯುತ್ತಿತ್ತು. ಆ ಹೊತ್ತಿನಲ್ಲಿ ಗಿರಾಕಿಗಳಿದ್ದರೆ ನಾನು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದೆ. ಅದನ್ನು ಮಾತ್ರ ಹಾಲಮ್ಮನಿಗೂ ಹೇಳಲಿಲ್ಲ. ಹತ್ತನೇ ಕ್ಲಾಸಿನ ಮಕ್ಕಳು ಗುಂಡಿಗೆ ಇಳಿಸಿಕೊಳ್ಳಲು ಯಾಕೆ ಅಷ್ಟು ಅವಸರ ಮಾಡುತ್ತಾರೆಂದು ನಮ್ಮ ಊರಿನ ಎಲ್ಲ ತಂದೆಯರಿಗೂ ಗೊತ್ತು. ದಾಕ್ಷಿ ಮಾತ್ರ ಅವಸರ ಮಾಡಲಿಲ್ಲ.

ಅವಸರ ಬಂದದ್ದು ನನಗೆ. ಮಳೆಗಾಲ ಮುಗಿದ ಮೇಲೆ ಮೂಟೆ ಎತ್ತಿದರೆ ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಆಡತೊಡಗಿದವು. ಸಂಜೆಗೆ ಪಾದಗಳು ಊದಿಕೊಂಡು ಚಪ್ಪಲಿಯ ಪಟ್ಟಿ ಮೂಡುತ್ತಿತ್ತು. ಹಾಲಮ್ಮ ಬೈದು ಬೈದು ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರ್ ಎದೆಗೆ ಕೊಳವೆ ಹಿಡಿದು ಬಹಳ ಹೊತ್ತು ಕೇಳಿದರು. ಎರಡನ್ನೂ ಬೇರೆ ಬೇರೆ ಕೇಳಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ, ಕಣ್ಣು ಮುಚ್ಚಿದ್ದರು. ನಿಮ್ಮದು ಹಿಗ್ಗಿದೆ ಎಂದರು. ಒಂದು ಮೋಟಾರಿಗೆ ಎರಡು ಕಲ್ಲು ಕಟ್ಟಿ ಇಷ್ಟು ವರ್ಷ ಓಡಿಸಿದ್ದೀರಿ, ಇನ್ನು ಎಳೆಯುವುದಿಲ್ಲ, ಬೇಸಿಗೆಗೆ ಮುಂಚೆ ಮಗಳದ್ದನ್ನು ಇಳಿಸಿ ಎಂದರು. ಇಳಿಸದಿದ್ದರೆ ಎಂದು ಹಾಲಮ್ಮ ಕೇಳಿದಳು. ಕೇಳಬಾರದಿತ್ತು; ಅದು ಅವಳಿಗೂ ಗೊತ್ತು. ಮಗಳ ಉಸಿರು ಹೊತ್ತುಕೊಂಡೇ ಬಾವಿಕಟ್ಟೆಯ ಮೇಲೆ ಕುಸಿದ ಸರಸಕ್ಕನ ಹೆಸರನ್ನು ನಮ್ಮ ಊರಿನಲ್ಲಿ ಯಾರೂ ಎತ್ತುವುದಿಲ್ಲ. ಡಾಕ್ಟರ್ ಕೊಳವೆಯನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟರು.

“ಇವರು ಬಿದ್ದ ಗಳಿಗೇಲೇ ಅವಳೂ ಬೀಳ್ತಾಳೆ ಅಮ್ಮ, ಶಾಲೇಲಿರಲಿ, ಎಲ್ಲೇ ಇರಲಿ,” ಎಂದರು.

ಮರುದಿನವೇ ಫಿಲೋಮಿನಾ ಟೀಚರ್ ದಾಕ್ಷಿಯನ್ನು ಬೆಂಚಿಗೆ ಕೂರಿಸಿದರು. ಹುಡುಗಿ ಓದಿಕೊಂಡೇ ಬಂದಿದ್ದಳು. ನನ್ನ ಬೆನ್ನಿಗೆ ಅವಳ ಬೆನ್ನು ಬೆಚ್ಚಗೆ ತಾಗುತ್ತಿತ್ತು, ಜಡೆಯ ಗಂಟು ನನ್ನ ಬೆನ್ನೆಲುಬಿಗೆ ಒತ್ತುತ್ತಿತ್ತು. ಮೈಯೆಲ್ಲ ಸುತ್ತಿ ದಣಿದ ರಕ್ತ ಬಲ ಹೃತ್ಕರ್ಣಕ್ಕೆ ಬರುತ್ತದೆ ಎಂದಳು. ಕವಾಟ ತೆರೆದು ಬಲ ಹೃತ್ಕುಕ್ಷಿಗೆ ಇಳಿಯುತ್ತದೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಗಾಳಿಯಿಂದ ಆಮ್ಲಜನಕ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ಮರಳುತ್ತದೆ, ಎಡ ಹೃತ್ಕುಕ್ಷಿ ಅದನ್ನು ಮಹಾಪಧಮನಿಗೆ ನೂಕುತ್ತದೆ. ಎಡಗಡೆಯ ಗೋಡೆ ಯಾಕೆ ದಪ್ಪ ಎಂದು ಟೀಚರ್ ಕೇಳಿದರು. ಬಲದ್ದು ಪಕ್ಕದ ಮನೆಗೆ ನೂಕಿದರೆ ಸಾಕು, ಎಡದ್ದು ಕಾಲಿನ ಹೆಬ್ಬೆರಳಿನವರೆಗೆ ನೂಕಬೇಕು ಎಂದಳು. ಇತರ ಅಪ್ಪ ಅಮ್ಮಂದಿರು ತಲೆಯಾಡಿಸಿದರು. ಬಡಿತ ಎಲ್ಲಿಂದ ಶುರು ಎಂದು ಟೀಚರ್ ಕೊನೆಗೆ ಕೇಳಿದರು. ಬಲ ಹೃತ್ಕರ್ಣದ ಗೋಡೆಯಲ್ಲಿ ಒಂದು ಪುಟ್ಟ ಗಂಟು ಇದೆ, ಅಲ್ಲಿಂದ ಎಂದಳು. ನಾನು ಕಣ್ಣು ಮುಚ್ಚಿ ಕಾದೆ. ಕೋಳಿಮರಿ ಜೇಬಿನಲ್ಲಿಯೇ ಇತ್ತು.

ಮತ್ತೊಂದು ವಾರ ಕೂತೆವು, ಅದರ ಮುಂದಿನ ವಾರವೂ. ಅವಳ ಜೊತೆಯವರಿಗೆಲ್ಲ ಇಳಿಯಿತು. ಇಳಿದವರ ಅಪ್ಪಂದಿರು ಹಗುರಾದ ತಲೆ ಹಿಡಿದುಕೊಂಡು ಶಾಲೆಯ ಅಂಗಳದಲ್ಲಿ ಸುಮ್ಮನೆ ಸುತ್ತುತ್ತಿದ್ದರು, ಮನೆಯ ದಾರಿ ಮರೆತವರ ಹಾಗೆ. ಅವರಲ್ಲೊಬ್ಬ, ನಿಮ್ಮ ಹುಡುಗಿ ಓದೋದ್ರಲ್ಲಿ ಸ್ವಲ್ಪ ಮಂದ ಇರಬೇಕು ಎಂದು ಮೆಲ್ಲಗೆ ಹೇಳಿಯೂ ಹೋದ. ದಾಕ್ಷಿ ಕೇಳಿಸಿಕೊಂಡಳು. ಅವಳಿಗೆ ಚುಚ್ಚಿದ್ದು ನನಗೆ ಗೊತ್ತಾಯಿತು, ಅವಳ ಮುಖ ಮಾತ್ರ ಕಲ್ಲಿನಂತಿತ್ತು. ಎಲ್ಲರೂ ಹೋದ ಮೇಲೆ ಟೀಚರ್ ನನ್ನನ್ನು ನಿಲ್ಲಿಸಿಕೊಂಡರು. ಅವರು ವಯಸ್ಸಾದವರು. ನನಗೂ ಅವರೇ ಪಾಠ ಹೇಳಿದ್ದು.

“ಒಂದಕ್ಷರ ತಪ್ಪಿಲ್ಲ ತಿಪ್ಪೇಶಪ್ಪ. ಅದೇ ನನಗೆ ಭಯ. ಬೇರೆ ಎಲ್ಲಾನೂ ಅವಳ ಮಾತಲ್ಲಿ ಹೇಳ್ತಾಳೆ. ಆ ಗಂಟಿನ ಹತ್ರ ಬಂದಾಗ ಮಾತ್ರ ಪುಸ್ತಕ ಓದ್ತಾಳೆ. ನಿಮಗೆ ಅವಳ ಮುಖ ಕಾಣಲ್ಲ, ನನಗೆ ಕಾಣುತ್ತೆ. ಅದನ್ನ ಅವಳು ನಂಬ್ತಾ ಇಲ್ಲ,” ಎಂದರು.

ಇಷ್ಟು ದಿನ ಹೇಳಿಕೊಡಲು ನೋಡಿದೆ, ಅವಳು ಹೂಂ ಅನ್ನುತ್ತಾಳೆ, ಒಳಗೆ ಬೇರೆ ಏನೋ ಗಟ್ಟಿಯಾಗಿ ಕೂತಿದೆ, ಅದನ್ನು ಎಬ್ಬಿಸುವುದು ನನ್ನಿಂದಾಗಲಿಲ್ಲ ಎಂದೂ ಹೇಳಿದರು. ನಾನು ಗಿರಣಿಗೆ ಬಂದೆ. ದಾರಿಯಲ್ಲಿ ಎರಡು ಸಲ ಗೋಡೆ ಹಿಡಿದು ನಿಂತೆ. ಒಂದೊಂದು ಸಲ ನಿಂತಾಗಲೂ ಮನೆಯಲ್ಲಿ ಅವಳು ತಲೆ ತಿರುಗಿ ಕೂತಿರಬೇಕು ಎಂದು ಯೋಚನೆ ಬಂತು, ಹೆದರಿ ಮತ್ತೆ ನಡೆದೆ.

ಆ ದಿನ ಮಧ್ಯಾಹ್ನ ಕರೆಂಟು ಹೋಗಿತ್ತು. ಬೆಲ್ಟು ನಿಂತು, ಕಲ್ಲು ತನ್ನ ಭಾರಕ್ಕೆ ತಾನೇ ಸ್ವಲ್ಪ ಹೊತ್ತು ತಿರುಗಿ ನಿಂತಿತು. ಗಿರಾಕಿಗಳು ಡಬ್ಬಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗಿದ್ದರು. ಗಿರಣಿ ಅಷ್ಟು ನಿಶ್ಶಬ್ದವಾದಾಗ ಬೇರೆಯೇ ಊರಿಗೆ ಬಂದಂತೆ ಅನಿಸುತ್ತದೆ. ಗಾಳಿಯಲ್ಲಿದ್ದ ಹಿಟ್ಟು ಒಂದೊಂದೇ ಕಣವಾಗಿ ಕೆಳಗಿಳಿಯುತ್ತಿತ್ತು. ದಾಕ್ಷಿ ಬುತ್ತಿ ತಂದಳು. ನಾನು ಉಣ್ಣುತ್ತಿದ್ದೆ, ಅವಳು ಖಾಲಿ ಚೀಲಗಳ ಮೇಲೆ ಕೂತು ಕಾಲಾಡಿಸುತ್ತಿದ್ದಳು. ಬೆಳಿಗ್ಗೆ ತಲೆ ತಿರುಗಿತಾ ಎಂದು ಕೇಳಿದೆ. ಸ್ವಲ್ಪ ಎಂದಳು. ಆಮೇಲೆ ನಾನು ಪಾಠದ ಮಾತನ್ನೇ ಎತ್ತದೆ, ಬಾವಿಯ ನೀರು ಎಷ್ಟಿದೆ ಎಂದು ಕೇಳುವಂತೆ, ನಿನ್ನ ಗುಂಡಿಗೆಯನ್ನು ಬಡಿಯುವವರು ಯಾರು ಎಂದು ಕೇಳಿದೆ.

“ನೀನು,” ಎಂದಳು. ಅವಳ ಹೆಸರು ಕೇಳಿದ್ದರೂ ಅಷ್ಟು ಬೇಗ ಹೇಳುತ್ತಿರಲಿಲ್ಲ.

ತುತ್ತು ಕೈಯಲ್ಲೇ ಉಳಿಯಿತು. ಆಗ ನನಗೆ ಎಲ್ಲ ತಿಳಿಯಿತು. ಇಷ್ಟು ವರ್ಷ ಅವಳು, ಅಪ್ಪ ಕಲ್ಲು ತಿರುಗಿಸುವ ಹಾಗೆ ನನ್ನದನ್ನೂ ತಿರುಗಿಸುತ್ತಿದ್ದಾನೆ, ಒಂದೊಂದು ಬಡಿತವನ್ನೂ ನೆನಪಿಟ್ಟು ಬಡಿಯುತ್ತಿದ್ದಾನೆ ಎಂದೇ ನಂಬಿದ್ದಳು. ಯಾವ ಕಾಲಕ್ಕೂ ಇಳಿಸುವುದಿಲ್ಲ ಎಂದು ನಾನು ಅಂದದ್ದು ಅವಳ ಪಾಲಿಗೆ ಅದೇ ಆಗಿತ್ತು. ನಾನು ಮಲಗಿದ ಮೇಲೆ ಬಡಿಯುವವರು ಯಾರು ಎಂದು ಕೇಳಿದೆ. ನೀನು ಎಡಗೈ ಎದೆಯ ಮೇಲಿಟ್ಟುಕೊಂಡು ಮಲಗುತ್ತೀಯಲ್ಲ, ನಿದ್ದೆಯಲ್ಲೂ ಮಾಡುತ್ತಿರುತ್ತೀಯ ಎಂದು ನನಗೆ ಗೊತ್ತು ಎಂದಳು.

“ನಿದ್ದೇಲಿ ನಾನು ಮಾಡೋದು ಗೊರಕೆ ಒಂದೇ. ನಿಮ್ಮಮ್ಮನ್ನ ಕೇಳು,” ಎಂದೆ.

ಅವಳು ನಗಲಿಲ್ಲ. ನಾನು ಕೈ ತೊಳೆದುಕೊಂಡು ಬಂದು ಅವಳ ಎದುರು, ಗಿರಣಿಯ ಮೆಟ್ಟಿಲ ಮೇಲೆ ಕೂತೆ. ಹೇಳುವುದು ಸುಲಭವಾಗಿರಲಿಲ್ಲ. ಮಕ್ಕಳು ನಮ್ಮನ್ನು ನಾವಿದ್ದದ್ದಕ್ಕಿಂತ ದೊಡ್ಡವರೆಂದು ತಿಳಿದಿರುವಾಗ ಅದನ್ನು ತಿದ್ದಲು ಯಾರಿಗೆ ಮನಸ್ಸು ಬರುತ್ತದೆ? ಆದರೂ ಹೇಳಿದೆ. ನೀನು ಹುಟ್ಟಿದ ದಿನದಿಂದ ನಾನು ಒಂದು ಬಡಿತವನ್ನೂ ಬಡಿದಿಲ್ಲ. ಹೊತ್ತಿದ್ದೇನೆ ಅಷ್ಟೇ. ರಾಗಿ ಬೀಸುವಾಗ ನಿನ್ನನ್ನು ಮರೆತಿದ್ದೇನೆ, ಜ್ವರ ಬಂದಾಗ ಮರೆತಿದ್ದೇನೆ, ಸಿಟ್ಟು ಬಂದಾಗಲೂ. ಅದು ನಡೆಯುತ್ತಲೇ ಇತ್ತು. ನಾನು ನಡೆಸುತ್ತಿರಲಿಲ್ಲ.

ದಾಕ್ಷಿ ಕಾಲಾಡಿಸುವುದನ್ನು ನಿಲ್ಲಿಸಿದಳು. ಎರಡನೆಯ ಬಡಿತ ನನ್ನ ಎದೆಯಲ್ಲಿ ಜೋರಾಯಿತು. ಅವಳು ನಿಂತ ಮೋಟಾರನ್ನು ನೋಡಿದಳು, ಸಡಿಲವಾಗಿ ಜೋತುಬಿದ್ದ ಬೆಲ್ಟನ್ನು ನೋಡಿದಳು. ಮೋಟಾರಿಗೆ ಹೊರಗಿನ ಕಂಬದಿಂದ ಬರಬೇಕು ಎಂದು ತನಗೆ ತಾನೇ ಹೇಳಿಕೊಂಡಂತೆ ಶುರು ಮಾಡಿದಳು. ಗುಂಡಿಗೆಗೆ ಕಂಬ ಇಲ್ಲ. ಮೆದುಳು ಬೇಗ ಹೋಗು, ಮೆಲ್ಲಗೆ ಹೋಗು ಅನ್ನುತ್ತದೆ, ಹೊರಡು ಅನ್ನುವುದಿಲ್ಲ. ಆ ಗಂಟಿನೊಳಗಿನ ಕಣಗಳು ಕೆರೆಗೆ ನೀರು ಬಂದ ಹಾಗೆ ತಾವೇ ತುಂಬಿಕೊಳ್ಳುತ್ತವೆ. ತುಂಬಿದ ಮೇಲೆ ಇರಲಾರವು. ಹರಿದುಬಿಡುತ್ತವೆ. ಅದೇ ಕಿಡಿ. ಮೊದಲು ಮೇಲಿನ ಕೋಣೆಗಳು ಹಿಂಡುತ್ತವೆ, ಒಂದು ಚೂರು ತಡೆದು ಕೆಳಗಿನವು. ಅಷ್ಟರಲ್ಲಿ ಗಂಟು ಮತ್ತೆ ತುಂಬಿಕೊಳ್ಳುತ್ತಿರುತ್ತದೆ.

ತಡವರಿಸುತ್ತಿದ್ದಳು, ಪುಸ್ತಕದ ಒಂದು ಪದವೂ ಇರಲಿಲ್ಲ. ಹತ್ತಿರ ಬಂದುಬಿಟ್ಟಿದ್ದಾಳೆ ಎಂದು ನನಗೆ ಗೊತ್ತಾಯಿತು. ಇನ್ನೊಂದು ವಾಕ್ಯ ಇತ್ತು. ನಾಳೆ ಹೇಳುವಿಯಂತೆ, ಈಗ ಮನೆಗೆ ಹೋಗು ಎಂದುಬಿಡಬೇಕು ಅನಿಸಿತು. ಸೈಕಲ್ ಅಂಗಡಿಯ ತಿರುವು, ಸಮಾಜದ ಕ್ಲಾಸಿನ ನಿದ್ದೆ, ನಾಯಿ, ಎಲ್ಲ ಒಂದೇ ಸಲ ನೆನಪಾದವು. ಅವಳ ಮಾತೂ ಅಲ್ಲಿಯೇ ನಿಂತಿತು. ಬಾಗಿಲ ಹತ್ತಿರ ಬಂದು ಒಳಗೆ ಬರದೆ ನಿಂತವರ ಹಾಗೆ.

“ಇಳಿಸಲ್ಲ ಅಂದಿದ್ದೆ ನೀನು,” ಎಂದಳು.

“ಅಂದಿದ್ದೆ.”

“ಮತ್ತೆ?”

“ಇಳಿಸ್ತೀನಿ ದಾಕ್ಷಿ. ಹೇಳಿ ಮುಗಿಸು.”

ಅವಳು ಇನ್ನೊಮ್ಮೆ ಆ ಮೋಟಾರಿನ ಕಡೆ ನೋಡಿದಳು. ಆಮೇಲೆ, ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಅದು ನನ್ನೊಳಗೆ ತಾನೇ ಶುರುವಾಗುತ್ತದೆ ಎಂದಳು.

ಸದ್ದೇನೂ ಆಗಲಿಲ್ಲ. ಹೆಗಲ ಮೇಲಿನ ಮೂಟೆಯನ್ನು ಹಿಂದಿನಿಂದ ಯಾರೋ ಎತ್ತಿಕೊಂಡಂತೆ ಆಗಿ ಮುಂದಕ್ಕೆ ವಾಲಿದೆ, ಕೈ ನೆಲಕ್ಕೆ ಊರಿದೆ. ಒಳಗೆ ಒಂದೇ ಬಡಿತ ಇತ್ತು. ನನ್ನದೇ, ಹಳೆಯದು, ಎತ್ತಿನ ಗಾಡಿಯಂಥದ್ದು. ಅದನ್ನೊಂದನ್ನೇ ಕೇಳಿಸಿಕೊಂಡು ಎಷ್ಟು ವರ್ಷಗಳಾಗಿದ್ದವೋ. ಚೀಲಗಳ ಮೇಲೆ ದಾಕ್ಷಿ ಎರಡೂ ಅಂಗೈಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಇಷ್ಟು ಜೋರಾ ಇದು ಎಂದು ಪಿಸುಗುಟ್ಟಿದಳು. ಅವಳಿಗೆ ಹೆದರಿಕೆಯೋ ಖುಷಿಯೋ ತಿಳಿಯಲು ನಾನು ಮೊದಲ ಬಾರಿಗೆ ಅವಳ ಮುಖವನ್ನು ನೋಡಬೇಕಾಯಿತು. ನೋಡಿದೆ. ತುಟಿ ನಡುಗುತ್ತಿತ್ತು, ಕಣ್ಣುಗಳು ಅಗಲವಾಗಿದ್ದವು. ಎರಡೂ ಇರಬಹುದು ಎಂದುಕೊಂಡೆ, ಖಾತ್ರಿಯಿಲ್ಲ.

ಕರೆಂಟು ಬಂತು. ಮೋಟಾರು ಗುರುಗುಟ್ಟಿ, ಬೆಲ್ಟು ಬಿಗಿದು, ಕಲ್ಲು ತಿರುಗತೊಡಗಿತು. ಡಬ್ಬ ಇಟ್ಟು ಹೋಗಿದ್ದವರು ಸದ್ದು ಕೇಳಿ ಒಬ್ಬೊಬ್ಬರಾಗಿ ಬಂದರು. ಮೊದಲನೆಯ ಡಬ್ಬದಲ್ಲಿ ಗೋಧಿ ಇತ್ತು. ಎತ್ತಿ ಸುರಿದೆ, ಕಣ್ಣ ಮುಂದೆ ಚುಕ್ಕೆಗಳು ಬರಲಿಲ್ಲ. ದಾಕ್ಷಿ ಬುತ್ತಿಯ ಡಬ್ಬಿ ಎತ್ತಿಕೊಂಡು, ಒಂದು ಕೈ ಇನ್ನೂ ಎದೆಯ ಮೇಲಿಟ್ಟುಕೊಂಡೇ, ತುಂಬಿದ ಕೊಡ ಹೊತ್ತವಳಂತೆ ಮೆಲ್ಲಗೆ ಹೆಜ್ಜೆಯಿಟ್ಟು ಬಿಸಿಲಿಗೆ ಇಳಿದಳು. ಬೀದಿಯ ಕೊನೆಯವರೆಗೆ ಕಾಣುತ್ತಿದ್ದಳು. ಆಮೇಲೆ ಕಾಣಲಿಲ್ಲ. ಅವಳು ಯಾವ ತಿರುವಿನಲ್ಲಿ ಹೋದಳು, ಅಲ್ಲಿ ಅವಳಿಗೆ ಏನನಿಸಿತು ಎಂಬುದು ನನಗೆ ಗೊತ್ತಿಲ್ಲ.

ದಾಕ್ಷಿಗೆ ಕೊಟ್ಟ ಮಾತನ್ನು ನಾನು ಮುರಿದೆ.